ನಡುಕಟ್ಟಿನ ಇನ್ನೊಂದು ತುದಿ

ನಮ್ಮ ತೊರ್ರೆಸೆಕದಲ್ಲಿ ನಡುಕಟ್ಟನ್ನು ಯಾರೂ ಒಬ್ಬರೇ ಕಟ್ಟಿಕೊಳ್ಳುವುದಿಲ್ಲ. ಅದು ಕಪ್ಪು ಬಟ್ಟೆಯ ಉದ್ದನೆಯ ಪಟ್ಟಿ. ಒಂದು ತುದಿಯನ್ನು ನೀವು ಸೊಂಟಕ್ಕೆ ಒತ್ತಿ ಹಿಡಿಯಬೇಕು. ಇನ್ನೊಂದು ತುದಿಯನ್ನು ದೂರದಲ್ಲಿ ನಿಂತವರು ಬಿಗಿಯಾಗಿ ಎಳೆದು ಹಿಡಿಯಬೇಕು. ಆಮೇಲೆ ನೀವು ಬುಗುರಿಯ ಹಾಗೆ ಸುತ್ತುತ್ತ ಸುತ್ತುತ್ತ ಅವರ ಕಡೆಗೇ ಹೋಗಬೇಕು. ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ಇಬ್ಬರ ಮುಖವೂ ಎದುರುಬದುರು ಆಗಿರುತ್ತದೆ. ಹಿಡಿದವರು ಸಡಿಲ ಬಿಟ್ಟರೆ ಬೆನ್ನಿಗೆ ಬಲವಿಲ್ಲ, ಬೆನ್ನಿಗೆ ಬಲವಿಲ್ಲದವನ ಹೆಗಲ ಮೇಲೆ ಯಾರೂ ಹತ್ತುವುದಿಲ್ಲ. ಮನುಷ್ಯರ ಮೇಲೆ ಮನುಷ್ಯರು ನಿಂತು ಗೋಪುರ ಕಟ್ಟುವ ಊರು ನಮ್ಮದು. ಯಾರ ತುದಿಯನ್ನು ಯಾರು ಹಿಡಿಯುತ್ತಾರೆ ಎಂದು ನೋಡಿದರೆ ಸಾಕು, ಯಾರಿಗೆ ಯಾರು ಬೇಕಾದವರು ಎಂದು ತಿಳಿದುಹೋಗುತ್ತದೆ.

ನನ್ನ ಅಳಿಯ ಇಸಿದ್ರೆ ತನ್ನ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದ.

ಆ ವಸಂತದಲ್ಲಿ ಒಂದು ಮಧ್ಯಾಹ್ನ, ಒಣಗಿದ ಬಟ್ಟೆ ಇಡಲೆಂದು ಹಿಂದಿನ ಕೋಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿದಾಗ ಅದು ನನ್ನ ಕಣ್ಣಿಗೆ ಬಿತ್ತು. ಅರ್ಧ ಸುತ್ತಿಕೊಂಡವನು ಹಾಗೆಯೇ ನಿಂತುಬಿಟ್ಟ. ಕಿವಿ ಕೆಂಪಗಾಯಿತು.

"ಬಾಗಿಲು ತಟ್ಟೋ ಅಭ್ಯಾಸ ಇಲ್ವಾ ಈ ಮನೇಲಿ?"

"ಕೈ ತುಂಬ ಬಟ್ಟೆ ಇತ್ತು," ಎಂದೆ.

ಅವನು ನಡುಕಟ್ಟನ್ನು ಬಿಚ್ಚಿ, ಮುದ್ದೆ ಮಾಡಿ, ಪೆಟ್ಟಿಗೆಗೆ ತುರುಕಿದ. ನಾನು ಬಟ್ಟೆಯನ್ನು ಮಂಚದ ಮೇಲಿಟ್ಟು ಹೊರಗೆ ಬಂದೆ. ಆಗೆಲ್ಲ ನಾವು ಏನು ಹೇಳಿದರೂ ಅದು ಅವನ ಕಿವಿಯಲ್ಲಿ ಬೇರೆ ಮಾತಾಗಿ ಬೀಳುತ್ತಿತ್ತು. ಸುಮ್ಮನಿರುವುದೇ ವಾಸಿಯಾಗಿತ್ತು.

ಇಸಿದ್ರೆ ಮೊದಲಿನಿಂದ ಹಾಗಿದ್ದವನಲ್ಲ. ಊರಾಚೆಯ ಹೆಂಚಿನ ಕಾರ್ಖಾನೆಯಲ್ಲಿ ಅವನು ಭಟ್ಟಿಯ ಮೇಸ್ತ್ರಿ. ಭಟ್ಟಿಯ ಬಾಗಿಲನ್ನು ಯಾವಾಗ ತೆರೆಯಬೇಕು ಎಂದು ಹೇಳುವುದು ಅವನ ಕೆಲಸ. ಬೆಂಕಿ ಆರಿದ ಮಾತ್ರಕ್ಕೆ ಒಳಗಿನ ಕಾವು ಆರಿರುವುದಿಲ್ಲ. ಅವಸರಪಟ್ಟು ಬಾಗಿಲು ತೆರೆದರೆ ತಣ್ಣನೆಯ ಗಾಳಿ ತಗುಲಿ ಭಟ್ಟಿಯ ಹೆಂಚೆಲ್ಲ ಟಪಟಪನೆ ಸೀಳಿಹೋಗುತ್ತದೆ. ಯಾರಾದರೂ ಬಾಗಿಲ ಹತ್ತಿರ ಸುಳಿದರೆ ಇಸಿದ್ರೆ ಕೂಗುತ್ತಿದ್ದ: "ಕೈ ಬೇಡ, ಇನ್ನೂ ಬಿಸಿ." ಎತ್ತಿನ ಗಂಟಲು ಅವನದು. ಗಾಳಿ ನಮ್ಮ ಕಡೆ ಬೀಸಿದರೆ ಊರಿಗೇ ಕೇಳುತ್ತಿತ್ತು. ಒಲೆಯಿಂದ ಇಳಿಸಿದ ಬಾಣಲೆಗೆ ಗಂಡ ಕೈ ಹಾಕಿದರೆ ಹೆಂಡತಿಯರು ಅದನ್ನೇ ಹೇಳುತ್ತಿದ್ದರು. ಹೊಸದಾಗಿ ನಿಶ್ಚಯವಾದ ಜೋಡಿ ಬೀದಿಯಲ್ಲಿ ಕೈ ಹಿಡಿದು ನಡೆದರೆ ಪಡ್ಡೆಗಳು ಹಿಂದಿನಿಂದ ಅದನ್ನೇ ಕೂಗುತ್ತಿದ್ದರು.

ಗೋಪುರದಲ್ಲೂ ಅವನ ಜಾಗ ಕೆಳಗೇ. ನೆಲದ ಮೇಲೆ ಕಾಲೂರಿ ಎಲ್ಲರ ಭಾರವನ್ನು ಹೊರುವ ನಾಲ್ವರಲ್ಲಿ ಅವನೊಬ್ಬ. ಅವನ ಹೆಗಲ ಮೇಲೆ ನಿಲ್ಲುತ್ತಿದ್ದವನು ಕಿಮ್. ಭಟ್ಟಿಯಲ್ಲೂ ಅವನ ಜೊತೆಗಾರ. ಕೆಳಗಿನವನಿಗೆ ಮೇಲೇನಾಗುತ್ತಿದೆ ಎಂದು ಕಾಣುವುದಿಲ್ಲ, ಎದುರಿನವನ ಮೂಗಷ್ಟೇ ಕಾಣುತ್ತದೆ. ಆದರೆ ಇಸಿದ್ರೆ ಅಲ್ಲಿಂದಲೇ ಮಾತಾಡುತ್ತಿದ್ದ. "ಕಿಮ್, ನಿನ್ನೆ ರಾತ್ರಿ ಹುರುಳಿಕಾಯಿ ಎರಡು ತಟ್ಟೆ ತಿಂದಿದ್ದೀಯ ಕಣೋ, ಹೆಗಲಿಗೆ ಗೊತ್ತಾಗ್ತಿದೆ." ಮೇಲೆ ನಡುಗುತ್ತಿದ್ದವರು ನಕ್ಕು ನೆಟ್ಟಗಾಗುತ್ತಿದ್ದರು.

ನನ್ನ ಗಂಡ ತೀರಿಕೊಂಡ ಮೇಲೆ ನಾನು ದೊಡ್ಡವರ ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತೆ. ಅಡಿಗೆಮನೆಯ ಮೇಜಿನ ಮೇಲೆ ನನ್ನ ಕಾಗುಣಿತ ತಿದ್ದುತ್ತಿದ್ದವನು ಇಸಿದ್ರೆಯೇ. "ಅತ್ತೆ, ಈ ಅಕ್ಷರಕ್ಕೆ ಹೊಟ್ಟೆ ಇರ್ಬೇಕು, ನೀವು ಉಪವಾಸ ಕೆಡವಿದ್ದೀರಿ," ಎನ್ನುತ್ತಿದ್ದ.

ಆಮೇಲೆ ಮನೆ ಕಟ್ಟುವವರೇ ಇಲ್ಲದ ಕಾಲ ಬಂತು. ಹೆಂಚು ಯಾರಿಗೂ ಬೇಡವಾಯಿತು. ಕಾರ್ಖಾನೆ ಮುಚ್ಚಿತು. ಕಿಮ್‌ಗೆ ಗ್ಯಾಸ್ ಸಿಲಿಂಡರ್ ಹಂಚುವ ಕೆಲಸ ಸಿಕ್ಕಿತು. ಇಸಿದ್ರೆಗೆ ಐವತ್ತು ದಾಟುತ್ತಿತ್ತು, ಏನೂ ಸಿಗಲಿಲ್ಲ.

ಮೊದಮೊದಲು ರಜೆ ಸಿಕ್ಕವನ ಹಾಗೆಯೇ ಇದ್ದ. ನಮ್ಮ ಮನೆಗೆ ಬಣ್ಣ ಬಳಿದ, ಪಕ್ಕದ ಮನೆಯ ಬಾಗಿಲನ್ನೂ ರಿಪೇರಿ ಮಾಡಿದ. ಒಂದು ವರ್ಷ ಹೋಯಿತು, ಇನ್ನೊಂದು ಹೋಯಿತು. ಬದಲಾದದ್ದು ಇಂಥ ದಿನ ಎಂದು ಹೇಳಲು ಬರುವುದಿಲ್ಲ. ಹೆಂಚಿನ ಮೇಲೆ ಪಾಚಿ ಕಟ್ಟಿದಂತೆ ಆಯಿತು. ಎಲ್ಲರಿಗಿಂತ ಮೊದಲು ಹೋಗಿ ಕಾಯುತ್ತಿದ್ದವನು ಎಲ್ಲಿಗೂ ತಡವಾಗಿ ಹೋಗತೊಡಗಿದ. ಕಾಫಿ ಅಂಗಡಿಯ ಮುಂದೆ ಹಾಯಬೇಕಾಗುತ್ತದೆ ಎಂದು ಸುತ್ತು ಹಾಕಿ ಮನೆಗೆ ಬರತೊಡಗಿದ. ಊಟಕ್ಕೆ ಕೂತರೆ ಬಡಿಸುವ ಮೊದಲೇ "ಸಾಕು" ಎನ್ನುತ್ತಿದ್ದ. ಹೊಸ ಅಡಿಗೆ ಮಾಡಿದರೆ ಮುಟ್ಟಿಯೂ ನೋಡುತ್ತಿರಲಿಲ್ಲ. ನಾನು ಪೇಪರಿನಲ್ಲಿ ಒಂದು ಪದದ ಅರ್ಥ ಕೇಳಿದರೆ, "ನನ್ನನ್ಯಾಕೆ ಕೇಳ್ತೀರಿ? ನಾನೇನು ಮೇಷ್ಟ್ರಾ?" ಎನ್ನುತ್ತಿದ್ದ.

ನನ್ನ ಮಗಳು ಎಲ್ವಿರಾ ವೃದ್ಧಾಶ್ರಮದಲ್ಲಿ ನೆಲ ಒರೆಸುವ ಕೆಲಸ ಮುಗಿಸಿ ಬಂದು ಕೇಳುತ್ತಿದ್ದಳು:

"ಬ್ರೆಡ್ ತಂದ್ಯಾ?"

"ಬ್ರೆಡ್ ತರೋದು ಬಿಟ್ರೆ ನಿನಗೇನು ಕೆಲಸ ಅಂತ ತಾನೇ ಕೇಳ್ತಿರೋದು?"

"ಬ್ರೆಡ್ ತಂದ್ಯಾ ಅಂತ ಕೇಳಿದ್ದು."

"ನೀನು ಕೇಳೋ ರೀತಿ ನನಗೆ ಗೊತ್ತು."

ಒಂದು ದಿನ ಅವಳು ಪಾತ್ರೆ ತೊಳೆಯುತ್ತ ನನಗೆ ಹೇಳಿದಳು: "ಅಮ್ಮ, ನಾನು ಮದುವೆಯಾದವನು ಇವನಲ್ಲ. ಅವನನ್ನ ಯಾರೋ ಎಬ್ಬಿಸಿ ಕರ್ಕೊಂಡು ಹೋಗಿ, ಅವನ ಬಟ್ಟೆ ಹಾಕಿ ಇನ್ಯಾರನ್ನೋ ತಂದು ಕೂರಿಸಿದ್ದಾರೆ."

ಒಂದು ಅಭ್ಯಾಸದ ಸಂಜೆ ಆ ಕೆಲಸ ಮಾಡಿದ್ದೂ ಆ ಇನ್ಯಾರೋ ಇರಬೇಕು. ಚಿಕ್ಕ ಗೋಪುರ, ಅಭ್ಯಾಸಕ್ಕೆಂದು ಏರಿಸುತ್ತಿದ್ದರು. ಕಿಮ್ ಇಸಿದ್ರೆಯ ಹೆಗಲ ಮೇಲೆ ನಿಂತಿದ್ದ. ಮೇಲಿನವರು ತಡ ಮಾಡುತ್ತಿದ್ದರೆಂದು ಕಿಮ್ ಕೂಗಿದ: "ಬೇಗ ಹತ್ರೋ, ಬೆಳಿಗ್ಗೆ ನಮಗೆ ಕೆಲಸ ಇದೆ." ಎಲ್ಲರಿಗೂ ಹೇಳಿದ ಮಾತು, ಯಾರನ್ನೂ ಚುಚ್ಚಲು ಹೇಳಿದ್ದಲ್ಲ. ಇಸಿದ್ರೆ ಕೈ ಬಿಡಿಸಿಕೊಂಡು ಹೊರಗೆ ನಡೆದುಬಿಟ್ಟ.

ಗೋಪುರ ಬೀಳುವುದು ನಮ್ಮೂರಿಗೆ ಹೊಸದಲ್ಲ. ಬಿದ್ದವರು ಮೈ ಕೊಡವಿ ಮತ್ತೆ ಹತ್ತುತ್ತಾರೆ. ಆದರೆ ಕೆಳಗೆ ನಿಂತವನು ಬೇಕೆಂದೇ ಕಾಲು ತೆಗೆದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಕಿಮ್‌ನ ಕತ್ತಿನ ಹತ್ತಿರದ ಮೂಳೆ ಮುರಿಯಿತು. ತಂಡದ ಯಜಮಾನ ಬೆನೆತ್ ಇಸಿದ್ರೆಗೆ ಬೈಯಲಿಲ್ಲ. "ತಂಡದ ಅಂಗಿ ನಿನ್ನ ಹತ್ರಾನೇ ಇರ್ಲಿ. ಗೋಪುರದಲ್ಲಿ ಜಾಗ ಇಲ್ಲ," ಎಂದಷ್ಟೇ ಹೇಳಿದ.

ಕೆಲಸ ಹೋದ ಮೇಲೆ ಇಸಿದ್ರೆ ಬರಬರುತ್ತ ಜಗಳಗಂಟನಾಗಿದ್ದ. ಆ ಜಾಗ ಹೋದ ಮೇಲೆ ಜಗಳವನ್ನೂ ಬಿಟ್ಟ. ಫೋನ್ ಬಂದರೆ "ಯಾರೂ ಇಲ್ಲ" ಎಂದು ಹೇಳಿ ಇಡುತ್ತಿದ್ದ. ಅವನು ನಮಗೆ ವಾಪಸು ಸಿಗುವುದಾದರೆ ಆ ಜಾಗದಿಂದಲೇ ಸಿಗಬೇಕು ಎಂದು ನನಗೆ ಆಗಲೇ ಅನ್ನಿಸಿತ್ತು. ಆದರೆ ಅದನ್ನು ಕೊಡುವವರು ಯಾರು?

ಸರಳಿಗೆ ಕಟ್ಟಿದ ನಡುಕಟ್ಟನ್ನು ಕಂಡ ಮರುದಿನ, ಅದೇ ಹೊತ್ತಿಗೆ, ಬರಿಗೈಯಲ್ಲಿ ಹೋಗಿ ಬಾಗಿಲು ತಟ್ಟಿದೆ. ಸ್ವಲ್ಪ ಹೊತ್ತು ನಿಂತೆ. ಹುಡುಗಿಯಾಗಿದ್ದಾಗ ದಕ್ಷಿಣದ ತವರಿನಲ್ಲಿ ಆಲಿವ್ ಮರಗಳ ಕೆಳಗೆ ಮಂಡಿಯೂರಿ ಒಂದೊಂದೇ ಕಾಯಿ ಹೆಕ್ಕಿದವಳಿಗೆ ಕಾಯುವುದು ಕಷ್ಟವಲ್ಲ. ಕೊನೆಗೆ ಅವನೇ ತೆರೆದ. ಹಿಂದೆ ಸರಳಿನಿಂದ ನಡುಕಟ್ಟು ಜೋತಾಡುತ್ತಿತ್ತು. ನಾನು ಹೋಗಿ ಗಂಟು ಬಿಚ್ಚಿದೆ.

"ಸರಳು ಎಳೆಯೋದಿಲ್ಲ, ಬರೀ ಹಿಡ್ಕೊಂಡಿರುತ್ತೆ. ಸುತ್ತು."

"ನಿಮ್ಮ ಕೈಲಾಗಲ್ಲ ಅತ್ತೆ. ನಾನು ಎಳೆದ್ರೆ ನೀವೇ ಹಾರಿ ಬರ್ತೀರಿ."

"ಹಾರಿ ಬಂದ್ರೆ ಹಿಡ್ಕೊ."

ಮಂಚದ ಕಾಲಿಗೆ ಪಾದ ಒತ್ತಿಕೊಟ್ಟು ತುದಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಅವನು ಸುತ್ತುತ್ತ ಬಂದ. ಕೊನೆಯ ಸುತ್ತಿಗೆ ಅವನ ಮುಖ ನನ್ನ ಮುಂದೆ ಬಂದು ನಿಂತಿತು. ಅಷ್ಟು ಹತ್ತಿರದಿಂದ ಅವನನ್ನು ನೋಡಿ ಬಹಳ ಕಾಲವಾಗಿತ್ತು.

"ಯಾಕೆ ಕಟ್ಕೊಳ್ತೀಯ ಅಂತ ಕೇಳಲ್ವಾ?"

"ಕೇಳಿದ್ರೆ ಹೇಳ್ತೀಯಾ?"

"ಕಟ್ಕೊಂಡಾಗ ಬೆನ್ನು ನೆಟ್ಟಗಿರುತ್ತೆ. ಅಷ್ಟೇ."

ನಾನು ಬಟ್ಟೆಯ ಕೊನೆಯನ್ನು ಒಳಗೆ ಸಿಕ್ಕಿಸುತ್ತ ಹೇಳಿದೆ: "ಶುಕ್ರವಾರ ಅಭ್ಯಾಸಕ್ಕೆ ಹೋಗ್ತೀನಲ್ಲ, ಹೊರಗಿನ ಸುತ್ತಿನಲ್ಲಿ ನನ್ನ ಹಿಂದೆ ಯಾರೂ ನಿಲ್ಲಲ್ಲ. ಮುದುಕಿ ಬೆನ್ನಿಗೆ ಕೈ ಕೊಡೋರು ಬೇಕು."

ಗೋಪುರದ ಬುಡಕ್ಕೆ ಒತ್ತಿಕೊಂಡು, ಮುಂದಿನವರ ಬೆನ್ನಿಗೆ ಕೈ ಕೊಟ್ಟು, ಜನ ಸುತ್ತು ಸುತ್ತಾಗಿ ನಿಲ್ಲುತ್ತಾರೆ. ಅದಕ್ಕೆ ಪಿನ್ಯಾ ಎನ್ನುತ್ತೇವೆ. ಒಳಗಿನ ಸುತ್ತುಗಳಲ್ಲಿ ಯಾರು ನಿಲ್ಲಬೇಕೆಂದು ಯಜಮಾನ ಹೇಳುತ್ತಾನೆ. ಎಲ್ಲಕ್ಕಿಂತ ಹೊರಗಿನ ಸುತ್ತಿಗೆ ಮಾತ್ರ ಯಾರ ಅಪ್ಪಣೆಯೂ ಬೇಡ. ದಾರಿಯಲ್ಲಿ ಹೋಗುವವನು ಬಂದು ಕೈ ಕೊಟ್ಟರೂ ಬೇಡ ಎನ್ನುವಂತಿಲ್ಲ. ಈ ಊರಿನ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ ಅದು. ಬೆನೆತ್ ಕೂಡ ಅದನ್ನು ಮುರಿಯಲಾರ. ಇಸಿದ್ರೆಗೂ ಅದು ಗೊತ್ತಿತ್ತು. ಅವನು ಕಿಟಕಿಯ ಕಡೆ ನೋಡಿದ.

"ನಿಮ್ಮ ಹಿಂದೆ ಮಾತ್ರ," ಎಂದ.

ಆ ಶುಕ್ರವಾರ ನಾವಿಬ್ಬರೂ ಅಭ್ಯಾಸದ ಮನೆಯೊಳಗೆ ಕಾಲಿಟ್ಟೆವು. ಬೆನೆತ್ ನಮ್ಮನ್ನು ನೋಡಿ ಬೇರೆ ಕಡೆ ತಿರುಗಿದ. ಕಿಮ್ ಗೋಪುರದ ತುದಿಗೆ ಹತ್ತುವ ತನ್ನ ಪುಟ್ಟ ಮಗಳು ಬ್ರುನಾಳ ಹೆಲ್ಮೆಟ್ ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ. ನನ್ನ ಮುಂದೆ ನಿಲ್ಲುವ ಬ್ರೆಡ್ ಅಂಗಡಿಯ ನರ್ಸಿಸ್‌ಗೆ ಮಾತ್ರ ನಾಲಿಗೆ ತಡೆಯಲಿಲ್ಲ.

"ಬಾಗಿಲ ಹತ್ರಾನೇ ಜಾಗ ಹಿಡಿದಿದ್ದೀಯ ಇಸಿದ್ರೆ. ಎದ್ದು ಹೋಗೋಕೆ ಸುಲಭ."

ನನ್ನ ಬೆನ್ನ ಮೇಲಿದ್ದ ಎರಡು ಕೈಗಳು ಕಲ್ಲಾದವು. ಈಗ ಹೋಗುತ್ತಾನೆ, ಎಂದುಕೊಂಡೆ. ಕೈ ಹೋಗಲಿಲ್ಲ.

"ಬಾಗಿಲ ಹತ್ರ ಗಾಳಿ ಚೆನ್ನಾಗಿದೆ," ಎಂದ.

ನರ್ಸಿಸ್ ಮೂಗಿನಲ್ಲೇ ನಕ್ಕ. ಅಭ್ಯಾಸ ನಡೆಯಿತು.

ಆಮೇಲೆ ಕೆಲವು ವಾರ ಯಾರೂ ಅವನನ್ನು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಆದರೆ ಅವನ ಕೈ ಒತ್ತುವ ರೀತಿ ಬೆನ್ನುಗಳಿಗೆ ಗೊತ್ತಾಗುತ್ತದಲ್ಲ. ಒಂದು ಶುಕ್ರವಾರ ನರ್ಸಿಸ್ ತಾನೇ ಪಕ್ಕಕ್ಕೆ ಸರಿದು, "ನನ್ನ ಪಕ್ಕಕ್ಕೆ ಬಾ, ಅತ್ತೆಗೆ ಬೇರೆಯವರು ಸಿಗ್ತಾರೆ," ಎಂದ. ಇನ್ನೊಂದು ವಾರ ಅವನಿಗಿಂತ ಒಳಗಿನ ಸುತ್ತಿನವರು ಕರೆದುಕೊಂಡರು. ಬೆನೆತ್ ನೋಡಿದರೂ ನೋಡದವನ ಹಾಗಿದ್ದ.

ಮನೆಯಲ್ಲಿ ಇಸಿದ್ರೆ ಒಮ್ಮೆಲೇ ಹಳೆಯ ಇಸಿದ್ರೆ ಆಗಲಿಲ್ಲ. ಹೋದದ್ದು ಕುಂಟುತ್ತ ಬರುತ್ತಿತ್ತು. ಶುಕ್ರವಾರ ಬೆಳಿಗ್ಗೆ ಬೇಗ ಏಳುತ್ತಿದ್ದವನು ಆಮೇಲೆ ಗುರುವಾರವೂ ಎದ್ದ. ಒಂದು ಸಂಜೆ ಎಲ್ವಿರಾ "ಬ್ರೆಡ್ ತಂದ್ಯಾ?" ಎಂದಾಗ "ತಂದೆ" ಎಂದ, ಅಷ್ಟೇ. ಅವಳು ಕೈಚೀಲ ಹಿಡಿದವಳು ಹಿಡಿದಂತೆಯೇ ನಿಂತು ಇನ್ನೇನೋ ಬರುತ್ತದೆಂದು ಕಾದಳು, ಬರಲಿಲ್ಲ. ಆದರೆ ಜುಲೈ ಸೆಕೆಯಲ್ಲಿ ಮತ್ತೆ ಜಗಳವಾಯಿತು. ಕರಾವಳಿಯ ಒಂದು ಗೋದಾಮಿನವರು ಬರಹೇಳಿ, ಮುಖ ನೋಡಿ ವಾಪಸು ಕಳಿಸಿದ್ದರು. ಆ ಶುಕ್ರವಾರ ಅವನು ಹಾಸಿಗೆ ಬಿಟ್ಟು ಏಳಲಿಲ್ಲ. ನಾನೊಬ್ಬಳೇ ಹೋಗಿಬಂದೆ. ಬಂದಾಗ ಕತ್ತಲೆಯ ಕೋಣೆಯಿಂದ ಕೇಳಿದ:

"ನಿಮ್ಮ ಹಿಂದೆ ಯಾರು ನಿಂತ್ರು?"

"ಯಾರೂ ಇಲ್ಲ."

ಮುಂದಿನ ಶುಕ್ರವಾರ ನಾನು ಚಪ್ಪಲಿ ಮೆಟ್ಟುವ ಮೊದಲೇ ಅವನು ಹೊಸ್ತಿಲಲ್ಲಿ ನಿಂತಿದ್ದ.

ಕಿಮ್ ಮಾತ್ರ ಇಡೀ ಬೇಸಿಗೆ ಅವನ ಜೊತೆ ಒಂದು ಮಾತಾಡಲಿಲ್ಲ.

ಆಗಸ್ಟಿನಲ್ಲಿ ಸಂತ ರೋಕ್‌ನ ಹಬ್ಬ. ಆ ದಿನ ಚೌಕದಲ್ಲಿ ನಮ್ಮ ಇಟ್ಟಿಗೆ ಬಣ್ಣದ ಅಂಗಿಯವರೂ ಪಕ್ಕದೂರಿನ ನೀಲಿ ಅಂಗಿಯವರೂ ಎದುರಾಗುತ್ತಾರೆ. ನಾಲ್ವರು ನಾಲ್ವರಾಗಿ ಎಂಟು ಅಂತಸ್ತು ಏರುವ ಗೋಪುರ ನಮ್ಮ ಕೈಗೆ ಹತ್ತದೆ ವರ್ಷಗಳಾಗಿದ್ದವು. ಕಾರ್ಖಾನೆ ಮುಚ್ಚಿದ ಮೇಲೆ ಗಟ್ಟಿ ಹೆಗಲುಗಳೆಲ್ಲ ಚದುರಿಹೋಗಿದ್ದವು. ಹಿಂದಿನ ವರ್ಷ ಹೇಗೋ ಏರಿಸಿದ್ದೆವು. ಗೋಪುರ ಏರಿತೆಂದು ತೋರಿಸಲು ತುದಿಯ ಮಗು ಕೈ ಎತ್ತಿದ್ದೇ ಪಿನ್ಯಾದಲ್ಲಿದ್ದವರೆಲ್ಲ ಸಂಭ್ರಮಿಸಿ, ಮೇಲೆ ನೋಡಲು ತಲೆ ಎತ್ತಿ, ಕೈ ಸಡಿಲಿಸಿದರು. ಇಳಿಯುವಾಗ ಗೋಪುರ ಕುಸಿಯಿತು. ನಮ್ಮ ಲೆಕ್ಕದಲ್ಲಿ ಏರಿದ್ದು ಅರ್ಧ. ಕೊನೆಯವನ ಕಾಲು ನೆಲಕ್ಕೆ ಬಂದ ಮೇಲೆಯೇ ಪೂರ್ತಿ. ಅಂದಿನಿಂದ ನೀಲಿಯವರು ನಮಗೆ ಇಟ್ಟ ಹೆಸರು "ಅರ್ಧದವರು."

"ಅರ್ಧದವರು ಬಂದ್ರು, ಜಾಗ ಬಿಡಿ," ಎಂದು ಅಂದೂ ಅವರ ಕಡೆಯಿಂದ ಯಾರೋ ಕೂಗಿದರು. "ಉಳಿದರ್ಧ ಮನೇಲಿ ಬಿಟ್ಟು ಬಂದ್ರಾ?"

ಅಷ್ಟರಲ್ಲಿ ಬೆನೆತ್‌ಗೆ ಫೋನ್ ಬಂತು. ಕೆಳಗಿನ ನಾಲ್ವರಲ್ಲಿ ಒಬ್ಬನಾದ ಓಸ್ಕರ್ ಸಮುದ್ರದ ಕಡೆಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಆಳು ಕಡಿಮೆಯೆಂದು ಅವನನ್ನು ಬಿಡುತ್ತಿರಲಿಲ್ಲ. ಬೆನೆತ್ ಫೋನನ್ನು ಜೇಬಿಗೆ ಹಾಕಿ, ಬೆವರು ಒರೆಸಿ, ಸುತ್ತ ನೋಡಿದ. ಅವನ ಕಣ್ಣು ಯಾರ ಮೇಲೆ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆ ಹೆಗಲಷ್ಟು ಅಗಲದ ಹೆಗಲು ಚೌಕದಲ್ಲಿ ಇನ್ನೊಂದಿರಲಿಲ್ಲ.

"ನಿಲ್ತೀಯಾ?" ಎಂದ. "ಇಲ್ಲಾಂದ್ರೆ ಏಳಂತಸ್ತಿಗೇ ಮುಗಿಸ್ತೀನಿ."

ಇಸಿದ್ರೆಯ ಮುಖದಲ್ಲಿ ಏನೆಲ್ಲ ಬಂದು ಹೋಯಿತೋ. ಹೂಂ ಎನ್ನಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಮುಚ್ಚಿದ.

"ನನ್ನ ಕೇಳ್ಬೇಡ ಬೆನೆತ್. ಕಿಮ್‌ನ ಕೇಳು. ಹೆಗಲ ಮೇಲೆ ನಿಲ್ಲೋನು ಅವನು. ತುದಿಗೆ ಹತ್ತೋಳು ಅವನ ಮಗಳು."

ಬೆನೆತ್ ಕೇಳಬೇಕಾಗಲಿಲ್ಲ. ಕಿಮ್ ಅಲ್ಲೇ ಇದ್ದ. ಬ್ರುನಾಳ ಭುಜದ ಮೇಲಿಂದ ಕೈ ತೆಗೆದು ನಿಧಾನವಾಗಿ ನಡೆದು ಬಂದ. ಇಸಿದ್ರೆಯ ಮುಖ ನೋಡಲಿಲ್ಲ, ಸೊಂಟ ನೋಡಿದ.

"ಇದನ್ನ ಯಾರು ಕಟ್ಟಿದ್ದು?"

"ಅತ್ತೆ."

"ಗೊತ್ತಾಗುತ್ತೆ. ಲಂಗದ ಲಾಡಿ ಕಟ್ಟಿದ ಹಾಗಿದೆ. ಬಿಚ್ಚು."

ಇಸಿದ್ರೆ ಬಿಚ್ಚಿದ. ಕಿಮ್ ಒಂದು ತುದಿಯನ್ನು ತೆಗೆದುಕೊಂಡು, ಮುಷ್ಟಿಗೆ ಸುತ್ತಿ, ಜನರನ್ನು ಹಿಂದೆ ಸರಿಸುತ್ತ ದೂರ ಹೋಗಿ, ಹಿಮ್ಮಡಿಯೂರಿ, ಇಡೀ ಮೈಯನ್ನು ಹಿಂದಕ್ಕೆ ಚೆಲ್ಲಿ ನಿಂತ. ಬಟ್ಟೆ ತಂತಿಯ ಹಾಗೆ ಬಿಗಿಯಿತು.

"ಸುತ್ತು."

ಚೌಕದಲ್ಲಿ ಅಷ್ಟು ಜನರಿದ್ದರೂ ಪಾರಿವಾಳದ ಸದ್ದು ಕೇಳುವಂತಿತ್ತು. ಇಸಿದ್ರೆ ಸುತ್ತುತ್ತ ಸುತ್ತುತ್ತ ಹೋದ. ಕೊನೆಯ ಸುತ್ತಿಗೆ ಇಬ್ಬರೂ ಎದುರುಬದುರಾದರು. ಕಿಮ್ ಬಟ್ಟೆಯ ಕೊನೆಯನ್ನು ಸಿಕ್ಕಿಸುತ್ತ ಹೇಳಿದ:

"ಈ ಕಡೆ ಮೂಳೆ ಮಳೆ ಬಂದಾಗ ಈಗ್ಲೂ ನೋಯುತ್ತೆ."

"ಗೊತ್ತು. ಮಳೆ ಬಂದಾಗೆಲ್ಲ ನನಗೂ ನೆನಪಾಗುತ್ತೆ."

"ಆ ಕಡೇದು ಚೆನ್ನಾಗಿದೆ. ಅದು ಹಾಗೇ ಇರ್ಲಿ."

"ಇರುತ್ತೆ," ಎಂದ ಇಸಿದ್ರೆ.

ನಾವು ಪಿನ್ಯಾ ಕಟ್ಟಿದೆವು. ಇಸಿದ್ರೆ ಎಲ್ಲರ ನಡುವೆ ಮುಳುಗಿಹೋದ. ನನಗೆ ಕಾಣುತ್ತಿದ್ದದ್ದು ನರ್ಸಿಸ್‌ನ ಬೆವೆತ ಬೆನ್ನು ಮಾತ್ರ. ಅದಕ್ಕೆ ಎರಡೂ ಕೈ ಒತ್ತಿ, ತಲೆ ತಗ್ಗಿಸಿದೆ. ನನ್ನ ಹಿಂದೆ ಯಾರೂ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಎರಡು ಕೈ ನನ್ನ ಬೆನ್ನಿಗೆ ಬಿದ್ದವು. ಹಿಂದೆ ತಿರುಗಬಾರದು, ಅದು ನಿಯಮ. ತಿರುಗಬೇಕಾಗಲೂ ಇಲ್ಲ. ನೆಲ ಒರೆಸುವ ದ್ರವದ ವಾಸನೆ ಬಂತು.

"ಅಮ್ಮ, ನಾನು," ಎಂದಳು ಎಲ್ವಿರಾ. ಇಸಿದ್ರೆಯ ಜಾಗ ಹೋದಂದಿನಿಂದ ಅವಳು ಚೌಕಕ್ಕೆ ಕಾಲಿಟ್ಟಿರಲಿಲ್ಲ.

ಮೂರನೆಯ ಅಂತಸ್ತು ನಿಂತದ್ದೇ ವಾಲಗ ಶುರುವಾಯಿತು. ಇಲ್ಲಿ ವಾಲಗವೇ ನಮ್ಮ ಕಣ್ಣು. ತಲೆ ತಗ್ಗಿಸಿ ನಿಂತವರಿಗೆ ಗೋಪುರ ಎಲ್ಲಿಯವರೆಗೆ ಬಂತೆಂದು ಅದರ ಧಾಟಿಯಿಂದಲೇ ತಿಳಿಯಬೇಕು. ನಾಲ್ಕು. ಐದು. ಎಲ್ಲೋ ಒಂದು ಕಡೆ ಯಾರೋ ಮುಲುಗಿದರು. ನನ್ನ ಕೈಯೊಳಗೆ ನರ್ಸಿಸ್‌ನ ಬೆನ್ನು ನಡುಗುತ್ತಿತ್ತು, ಅವನ ಮುಂದಿನವನ ಬೆನ್ನು ಅವನ ಕೈಯೊಳಗೆ ನಡುಗುತ್ತಿದ್ದಿರಬೇಕು. ಆ ನಡುಕವೆಲ್ಲ ಹೋಗಿ ಕೊನೆಗೆ ಸೇರುವುದು ಇಸಿದ್ರೆಯ ಕಾಲಿಗೆ. ಮಕ್ಕಳು ನಮ್ಮ ತಲೆಗಳ ಮೇಲಿಂದ ಹಾದು ಹತ್ತಿದರು. ಬ್ರುನಾಳ ಪುಟ್ಟ ಪಾದ ನನ್ನ ಹೆಗಲನ್ನು ಸೋಕಿ ಹೋಯಿತು, ಹಕ್ಕಿ ಕೂತು ಎದ್ದ ಹಾಗೆ.

ವಾಲಗದ ಧಾಟಿ ಬದಲಾಯಿತು. ಬ್ರುನಾ ಕೈ ಎತ್ತಿದ್ದಳು.

ಚೌಕವೇ ಬಿರಿದಂತೆ ಕೂಗು ಎದ್ದಿತು. ಕೈಯಡಿಯಲ್ಲಿ ನರ್ಸಿಸ್‌ನ ಬೆನ್ನು ನೆಟ್ಟಗಾದದ್ದು ನನಗೆ ತಿಳಿಯಿತು. ಮೇಲೆ ನೋಡುತ್ತಿದ್ದಾನೆ. ಅವನ ಪಕ್ಕದವನೂ. ಹಿಂದಿನ ವರ್ಷದ ಹಾಗೆಯೇ, ಕಟ್ಟು ಸಡಿಲಾದ ಹೊರೆಯಂತೆ ಪಿನ್ಯಾ ಒಂದು ಕಡೆಗೆ ವಾಲಿತು. ಮೇಲಿನಿಂದ ಯಾರೋ ಹೆದರಿ ಉಸಿರೆಳೆದದ್ದು ಕೇಳಿಸಿತು.

ಆಗ ಬುಡದಿಂದ, ನೆಲದೊಳಗಿಂದ ಬಂದ ಹಾಗೆ, ಆ ಗಂಟಲು ಕೇಳಿಸಿತು.

"ಕೈ ಬೇಡ. ಇನ್ನೂ ಬಿಸಿ."

ಕಾರ್ಖಾನೆ ಮುಚ್ಚಿದ ಮೇಲೆ ಆ ಕೂಗನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ, ತಮಾಷೆಗೂ ಯಾರೂ ಹೇಳಿರಲಿಲ್ಲ. ಆದರೆ ಒಳಗಿನ ಸುತ್ತುಗಳಲ್ಲಿ ನಿಂತಿದ್ದವರಲ್ಲಿ ಅರ್ಧದಷ್ಟು ಜನ ಭಟ್ಟಿಯಲ್ಲಿ ಕೆಲಸ ಮಾಡಿದವರು. ಅವಸರ ಬೇಡ, ಇನ್ನೂ ಮುಗಿದಿಲ್ಲ ಎನ್ನುವ ಆ ಮಾತು ಕಿವಿಗೆ ಬಿದ್ದರೆ ಮೈ ತಾನಾಗಿ ನಿಲ್ಲುವ ಅಭ್ಯಾಸ ಅವರಿಗೆ. ನಿಂತರು. ತಲೆ ತಗ್ಗಿಸಿದರು, ಕೈ ಒತ್ತಿದರು. ತಮ್ಮ ಹಿಂದಿನವರಿಗೆ ಹೇಳಿದರು. ಅವರು ಅವರ ಹಿಂದಿನವರಿಗೆ. "ಕೈ ಬೇಡ, ಇನ್ನೂ ಬಿಸಿ. ಕೈ ಬೇಡ, ಇನ್ನೂ ಬಿಸಿ." ಸುತ್ತಿನಿಂದ ಸುತ್ತಿಗೆ ಅದು ಹೊರಗೆ ಬಂತು. ನರ್ಸಿಸ್‌ನ ಬೆನ್ನು ಬಾಗಿತು. ನಾನೂ ಹಿಂದೆ ನಿಂತ ಮಗಳಿಗೆ ಹೇಳಿದೆ. ಅವಳು ನನ್ನ ಬೆನ್ನನ್ನು ಇನ್ನಷ್ಟು ಬಲವಾಗಿ ಒತ್ತಿದಳು.

"ಕಿಮ್," ಎಂದು ಬುಡದ ಧ್ವನಿ ಕೇಳಿಸಿತು, "ನಿನ್ನೆ ಮತ್ತೆ ಹುರುಳಿಕಾಯಿ ತಿಂದಿದ್ದೀಯ."

ಮೇಲೆ ಎಲ್ಲೋ ಒಬ್ಬ ನಕ್ಕ, ಇನ್ನೊಬ್ಬ ನಕ್ಕ. ಗೋಪುರದ ನಡುಕ ನಿಂತಿತು.

ಬ್ರುನಾ ಇಳಿದಳು. ಅವಳ ಕೆಳಗಿನ ಮಗು ಇಳಿಯಿತು. ಆರು. ಐದು. ವಾಲಗ ಅವಸರ ಮಾಡಲಿಲ್ಲ, ನಾವೂ ಮಾಡಲಿಲ್ಲ. ನಾಲ್ಕು. ಮೂರು. ಕೊನೆಗೆ ಎರಡನೆಯ ಅಂತಸ್ತಿನವರ ಕಾಲುಗಳು ಜನರ ಭುಜಗಳ ಮೇಲಿಂದ ಜಾರಿ ನೆಲ ಮುಟ್ಟಿದವು. ವಾಲಗ ನಿಂತಿತು.

ಪೂರ್ತಿ.

ಮೊದಲು ಚಪ್ಪಾಳೆ ಹೊಡೆದವರು ನೀಲಿ ಅಂಗಿಯವರು. ನಮ್ಮವರಿಗೆ ಚಪ್ಪಾಳೆ ಹೊಡೆಯಲು ಕೈ ಬಿಡುವಿರಲಿಲ್ಲ, ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ನರ್ಸಿಸ್ ನನ್ನನ್ನು ನೆಲದಿಂದ ಎತ್ತಿಯೇಬಿಟ್ಟ. ಬೆನೆತ್ ಕಲ್ಲಿನ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಜನ ಸರಿದಾಗ ಇಸಿದ್ರೆ ಕಂಡ. ಅಂಗಿಯ ಹೆಗಲಲ್ಲಿ ಕಿಮ್‌ನ ಪಾದದ ಗುರುತು, ಕಿವಿ ಉಜ್ಜಿ ಕೆಂಪಾಗಿತ್ತು. ಕಿಮ್ ಅವನ ಕತ್ತಿಗೆ ಜೋತುಬಿದ್ದಿದ್ದ.

"ಇಷ್ಟು ವರ್ಷ ಈ ಗಂಟಲು ಎಲ್ಲಿಟ್ಟಿದ್ದೆ ಮಾರಾಯ?"

"ಭಟ್ಟಿ ಒಳಗೆ," ಎಂದ ಇಸಿದ್ರೆ. "ತಣೀಲಿ ಅಂತ."

ಎಲ್ವಿರಾ ಅವನ ಮುಂದೆ ಹೋಗಿ ನಿಂತಳು. ಅವನು ಅವಳನ್ನು ನೋಡಿದ. ಅವಳು ಅವನ ನಡುಕಟ್ಟಿನ ಕೊನೆಯನ್ನು ಹೊರಗೆಳೆದು, ಕೈಯಲ್ಲಿ ಹಿಡಿದು, ಹಿಂದಕ್ಕೆ ನಡೆಯತೊಡಗಿದಳು. ಅವನು ಸುತ್ತುತ್ತ ಸುತ್ತುತ್ತ ಬಿಚ್ಚಿಕೊಂಡ.

ಕೆಲಸ ಸಿಕ್ಕಿತೇ ಎಂದು ಕೇಳುತ್ತೀರಿ. ಆಗಲೇ ಸಿಗಲಿಲ್ಲ. ಚಳಿಗಾಲವೆಲ್ಲ ಕಳೆದ ಮೇಲೆ ದ್ರಾಕ್ಷಿ ಬೆಳೆಗಾರರ ಸಂಘದ ಗೋದಾಮಿನಲ್ಲಿ ಸಿಕ್ಕಿತು. ಕೇಳಲು ಹೊರಟ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, "ಅತ್ತೆ, ಕಾಲರ್ ಸರಿ ಇದೆಯಾ?" ಎಂದು ನನ್ನ ಕಡೆ ಬೆನ್ನು ತಿರುಗಿಸಿದ. ಸರಿಯಾಗಿಯೇ ಇತ್ತು. ಆದರೂ ಒಮ್ಮೆ ಎಳೆದು ಬಿಟ್ಟೆ.

ಅದು ಆಮೇಲಿನ ಮಾತು. ಗೋಪುರ ಪೂರ್ತಿಯಾದ ಆ ಹಬ್ಬದ ಮಧ್ಯಾಹ್ನ ಬೀದಿಯಲ್ಲಿ ಉದ್ದಕ್ಕೆ ಮೇಜು ಹಾಕಿದ್ದರು. ಮೊಲದ ಮಾಂಸ ಹಾಕಿ ಬೇಯಿಸಿದ ಅನ್ನದ ಅಗಲವಾದ ಬಾಣಲೆಯನ್ನು ನಾಲ್ವರು ಹಿಡಿದು ತಂದು ನಡುವೆ ಇಟ್ಟರು. ಹಬೆ ಏಳುತ್ತಿತ್ತು. ಕಿಮ್ ತಡೆಯಲಾರದೆ ಅಂಚಿನ ಕರಕಲಿಗೆ ಕೈ ಹಾಕಿದ. ಇಸಿದ್ರೆ ಎದ್ದು ನಿಂತ. ಅವನು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದವರ ಹಾಗೆ ಮೇಜಿನ ಆ ಕೊನೆಯಿಂದ ಈ ಕೊನೆಯವರೆಗೆ ಎಲ್ಲರೂ, ಮಕ್ಕಳು ಮುದುಕರು, ನೀಲಿ ಅಂಗಿಯವರು ಕೂಡ, ಒಟ್ಟಿಗೆ ಕೂಗಿದರು:

"ಕೈ ಬೇಡ, ಇನ್ನೂ ಬಿಸಿ!"

ಇಸಿದ್ರೆ ನಕ್ಕು ನಕ್ಕು ಕುರ್ಚಿಯ ಬೆನ್ನು ಹಿಡಿದುಕೊಂಡ. ನಾನು ಅವನ ತಟ್ಟೆಗೆ ಬಡಿಸಿ, ಅಭ್ಯಾಸಬಲದಿಂದ ಸೌಟನ್ನು ಹಿಂದಕ್ಕೆ ಎಳೆದುಕೊಂಡೆ. ಅವನು ತಟ್ಟೆಯನ್ನು ಇನ್ನೂ ಮುಂದಕ್ಕೆ ಚಾಚಿದ.

"ಹಾಕಿ ಅತ್ತೆ. ಯಾಕೆ ನಿಲ್ಲಿಸಿದ್ರಿ?"